ಎಲ್ಲಾ ಟೊರೆಂಟೂ ಕಳ್ಳಮಾಲಲ್ಲ

ಕೊತ್ತತ್ತಿ, 14 ಅಕ್ಟೋಬರ್ 2025, ಮಂಗಳವಾರ

ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ಇವತ್ತಿಗೆ ಕೊನೆ. ನನ್ನ ಜೆರಾಕ್ಸ್ ಅಂಗಡಿಯಲ್ಲಿರುವ ಹಳೇ ಡೆಸ್ಕ್‌ಟಾಪ್‌ಗಳು 11ಕ್ಕೆ ಲಾಯಕ್ಕಿಲ್ಲ. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ, ಲಿನಕ್ಸ್ ಮಿಂಟ್ ಹಾಕೋಣ ಅಂತ ತೀರ್ಮಾನಿಸಿದೆ. ಐಎಸ್‌ಒ ಕಡತ 3 ಜಿಬಿ ಹತ್ತಿರ. ಬ್ರೌಸರ್‌ನಲ್ಲಿ ಇಳಿಸುವಾಗ ಕರೆಂಟು ಹೋದರೆ ಎಷ್ಟೋ ಸಲ ಮತ್ತೆ ಮೊದಲಿಂದ ಶುರು ಮಾಡಬೇಕು. ನನ್ನ ಲ್ಯಾಪ್‌ಟಾಪಿನ ಮಿಂಟ್‌ನಲ್ಲಿ ಟ್ರಾನ್ಸ್‌ಮಿಷನ್ ಎಂಬ ಟೊರೆಂಟ್ ಇಳಿಸುವ ತಂತ್ರಾಂಶ ಬಂದೇ ಇದೆ. ಮಿಂಟ್‌ನವರೇ ಕೊಡುವ ಟೊರೆಂಟ್ ತೆಗೆದು ಅದಕ್ಕೆ ಹಾಕಿ ಊಟಕ್ಕೆ ಎದ್ದೆ.

15 ಅಕ್ಟೋಬರ್, ಬುಧವಾರ

ರಾತ್ರಿ ಕರೆಂಟು ಹೋಗಿ ಬಂದಿದೆ. ನಿಂತ ಕಡೆಯಿಂದಲೇ ಇಳಿಯುತ್ತಿದೆ. ಬ್ರಾಮ್ ಕೋಹೆನ್ 2001ರಲ್ಲಿ ಹೊರತಂದ ಬಿಟ್‌ಟೊರೆಂಟ್‌ನ ಜಾಣತನ ಇದೇ: ಕಡತವನ್ನು ತುಂಡು ಮಾಡಿ ಪ್ರತಿ ತುಂಡಿಗೂ ಒಂದು ಹ್ಯಾಶ್ ಗುರುತು ಕಟ್ಟಿರುತ್ತಾರೆ. ಬಂದ ತುಂಡು ಗುರುತಿಗೆ ತಾಳೆಯಾಗದಿದ್ದರೆ ಎಸೆದು ಮತ್ತೆ ತರಿಸುತ್ತದೆ.

ಪೀರ್‌ಗಳ (ತುಂಡು ಕೊಟ್ಟು ತಗೊಳ್ಳುವ ಇತರರ) ಪಟ್ಟಿ ತೆರೆದು ನೋಡುತ್ತಾ ಕೂತೆ. ಯಾರ್ಯಾರದೋ ಐಪಿ ವಿಳಾಸ, ಪಕ್ಕದಲ್ಲಿ ಅವರವರ ತಂತ್ರಾಂಶ: ಕ್ಯೂಬಿಟ್‌ಟೊರೆಂಟ್, ಕೆಟೊರೆಂಟ್, ಡೆಲ್ಯೂಜ್. ನಾಟಿ ಕಾಲದ ಮುಯ್ಯಾಳಿನ ಲೆಕ್ಕವೇ ಇಲ್ಲೂ. ಕೊಡುವವನ ಕಡೆಗೆ ತುಂಡುಗಳು ಬೇಗ ಬರುತ್ತವೆ, ಕೈ ಬಿಗಿ ಹಿಡಿದವನಿಗೆ ನಿಧಾನ. ಹಾಗಂತ ನಾನೇನು ದೊಡ್ಡ ದಾನಿಯಲ್ಲ. ಹೊರಗಿನವರು ಒಳಬರುವ ಪೋರ್ಟ್ 51413 ಮುಚ್ಚಿದೆ ಅಂತ ತೋರಿಸುತ್ತಿದೆ. ನಮ್ಮ ಲೈನಿಗೆ ಸ್ವಂತ ಐಪಿ ಇಲ್ಲ, ಹತ್ತಾರು ಮನೆಗೆ ಸೇರಿ ಒಂದೇ. ಹೊರಗಿನವರು ತಾವಾಗಿ ನನ್ನನ್ನು ಹುಡುಕಿ ಬರಲಾರರು, ನಾನೇ ಹೋಗಿ ಅವರನ್ನು ಹಿಡಿಯಬೇಕು. ಆದರೂ ಸಾಗುತ್ತಿದೆ.

16 ಅಕ್ಟೋಬರ್, ಗುರುವಾರ

ಇಳಿದು ಮುಗಿದಿದೆ. ಟರ್ಮಿನಲ್‌ನಲ್ಲಿ ಎಸ್‌ಎಚ್‌ಎ256 ಹ್ಯಾಶ್ ಲೆಕ್ಕ ಹಾಕಿಸಿ ಮಿಂಟ್‌ನವರು ಕೊಟ್ಟ ಸಂಖ್ಯೆಯ ಜೊತೆ ಹೋಲಿಸಿದೆ, ಸರಿಯಿದೆ. ಈ ರೂಢಿ ಬಿಡಬಾರದು. 2016ರ ಮಾರ್ಚ್‌ನಲ್ಲಿ ಇದೇ ಟ್ರಾನ್ಸ್‌ಮಿಷನ್‌ನ ಮ್ಯಾಕ್ ಆವೃತ್ತಿಯೊಳಗೆ ಯಾರೋ ಕೀರೇಂಜರ್ ಎಂಬ ಸುಲಿಗೆ ತಂತ್ರಾಂಶ ತುರುಕಿದ್ದರು, ಅದೂ ಅಧಿಕೃತ ತಾಣದಲ್ಲೇ. ಲಿನಕ್ಸ್‌ನಲ್ಲಿ ಮಿಂಟ್‌ನಂಥ ಡಿಸ್ಟ್ರೊದ ಭಂಡಾರದಿಂದಲೇ ತಂತ್ರಾಂಶ ಹಾಕಿಕೊಳ್ಳುವುದು ಒಳ್ಳೆಯದು.

19 ಅಕ್ಟೋಬರ್, ಭಾನುವಾರ

ಜೆರಾಕ್ಸ್‌ಗೆ ಬಂದ ಪಿಯುಸಿ ಹುಡುಗ ಪರದೆ ನೋಡಿ ಕಣ್ಣರಳಿಸಿದ. "ಸಾ, ಟೊರೆಂಟ್ ಅಂದ್ರೆ ಕದ್ದ್ ಸಿನ್ಮಾ ಅಲ್ವಾ? ಪೊಲೀಸ್ರು ಬರಲ್ವಾ?"

ಅವನ ತಪ್ಪೇನಿಲ್ಲ, ಟೊರೆಂಟ್‌ಗೆ ಹೊರಗೆ ಬಂದಿರುವ ಹೆಸರೇ ಅಂಥದ್ದು. 2017ರ ಆಗಸ್ಟ್‌ನಲ್ಲಿ ಸಿನಿಮಾ ಕಳ್ಳತನ ತಡೆಯಲು ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶದಲ್ಲಿ ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯ ಕೂಡ ಸಿಕ್ಕಿಬಿದ್ದು, ಕೆಲ ದಿನ ದೇಶದಲ್ಲಿ ತೆರೆಯದೇ ಹೋಗಿತ್ತು. ಇಲಿ ಹಿಡಿಯಲು ಹೋಗಿ ಕಣಜಕ್ಕೇ ಬೀಗ! ಅದೇ ಆರ್ಕೈವ್‌ನಲ್ಲಿ ಸರ್ವೆಂಟ್ಸ್ ಆಫ್ ನಾಲೆಜ್ ಬಳಗ ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿ ಹಾಕಿದ ಕನ್ನಡ ಪುಸ್ತಕಗಳಿವೆ, ಪಿಡಿಎಫ್ ಪಕ್ಕದಲ್ಲಿ ಟೊರೆಂಟ್ ಕೊಂಡಿಯೂ ಇರುತ್ತದೆ. "ಕಳ್ಳತನ ಟೊರೆಂಟ್‌ನಲ್ಲಿಲ್ಲಪ್ಪ, ಏನನ್ನ ಹಂಚ್ತೀಯ ಅನ್ನೋದ್ರಲ್ಲಿದೆ" ಅಂದೆ. ನಂಬಿದ ಹಾಗೆ ಕಾಣಲಿಲ್ಲ.

22 ಅಕ್ಟೋಬರ್, ಬಲಿಪಾಡ್ಯಮಿ

ಹಬ್ಬದ ಮಧ್ಯೆಯೂ ಆ ಹುಡುಗ ಬಂದ. ಈಗ ಅವನದ್ದೇ ಪಟ್ಟಿ ತಂದಿದ್ದಾನೆ, ನಮ್ಮ ಮಂಡ್ಯ ಜಿಲ್ಲೆಯವರ ಪುಸ್ತಕಗಳೇ ಬೇಕಂತೆ. ಬೆಳ್ಳೂರಿನ ಬಿ.ಎಂ.ಶ್ರೀ. ತೀರಿಕೊಂಡದ್ದು 1946ರಲ್ಲಿ. ಲೇಖಕ ಸತ್ತ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಹಾಗಾಗಿ ಅವರ ಬರಹ 2006 ಮುಗಿದಾಗಲೇ ಎಲ್ಲರದಾಯಿತು. ಧಾರಾಳವಾಗಿ ಇಳಿಸಿಕೊ, ಇಳಿದ ಮೇಲೂ ಮುಚ್ಚದೆ ಬಿಡು, ಇನ್ನೊಬ್ಬರಿಗೆ ಸಿಗಲಿ ಎಂದೆ. ಮೇಲುಕೋಟೆಯ ಪು.ತಿ.ನ. ಹೋದದ್ದು 1998ರಲ್ಲಿ, ಇನ್ನೂ ಕಾಯಬೇಕು. ಕಿಕ್ಕೇರಿಯ ಕೆ.ಎಸ್.ನ. 2003ರಲ್ಲಿ. "ಅವರ ಮೈಸೂರ ಮಲ್ಲಿಗೆ 2063 ಮುಗಿಯೋವರೆಗೆ ಹಂಚೋ ಮಾಲಲ್ಲ. ಮಂಡ್ಯದಲ್ಲಿ ದುಡ್ಡು ಕೊಟ್ಟು ತಗೊ."