ತಂಗಿ ತಿದ್ದಿದ ಸಾಲು

ಹೋದ ವಾರ ಮನಿ ಪ್ರಾರ್ಥನ್ಯಾಗ ಹೊಸಾ ಹಾಡು ಹಾಡಿದ್ವೆಲ್ಲಾ, ಅದನ್ನ ಯಾರು ಬರದ್ರು ಅಂತ ಕಾಕು ಫೋನ್ ಮಾಡಿ ಕೇಳಿದ್ರು. ನಾನ ಬರದದ್ದು ಅಂದೆ. ಆದ್ರ ಅದು ಪೂರಾ ಖರೆ ಅಲ್ಲ.

ನಾ ಯೇಸಪ್ಪನ ಹಾಡು ಬರಿಯಾಕ ಹತ್ತಿ ಹತ್ತು ವರ್ಷ ಆತು. ಒಲಿ ಮುಂದ ನಿಂತಾಗನ ರಾಗ ಹೊಳೀತದ. ಕ್ಯಾಲೆಂಡರ್ ಹಾಳಿ ಹಿಂದ ಗೀಚಿ ಇಡತೀನಿ. ಮೊದಲನೇ ಹಾಡಿನ ಫಜೀತಿ ನಿಮಗೆಲ್ಲಾ ನೆನಪಿರಬೇಕು. "ನೀನೇ ನನ್ನ ಬಲ" ಅಂತ ಬರದಿದ್ದೆ. ರಾಗ 'ಬ' ಮ್ಯಾಲೆ ಎಳೀತಿತ್ತು. ಎಲ್ಲಾರೂ ಕೂಡಿ ಹಾಡಿದ್ರ "ನೀನೇ ನನ್ನ ಬಾಲ" ಆಗಬೇಕ! ಸಂಡೇ ಸ್ಕೂಲ್ ಹುಡುಗ್ರು ನಕ್ಕದ್ದೇ ನಕ್ಕದ್ದು.

ಇದು ನನ್ನೊಬ್ಬಾಕಿ ತ್ರಾಸಲ್ಲ. ಬಾಸೆಲ್ ಮಿಷನ್‌ನವರು 1837ರಾಗ ನಮ್ಮ ಧಾರವಾಡಕ್ಕ ಬಂದ್ರು. ಅವರ ಕಾಲದಿಂದ ಜರ್ಮನ್ ರಾಗಕ್ಕ ಕನ್ನಡ ಮಾತು ಕೂಡಿಸಿದ ಹಾಡು ಚರ್ಚಿನಾಗ ನಡಕೋತ ಬಂದಾವ. ಆ ರಾಗ ತನ್ನ ಲೆಕ್ಕಕ್ಕ ಎಳೀತದ. ನಮ್ಮ ಭಾಷಾದಾಗ ಹ್ರಸ್ವ ಎಳದ್ರ ಅರ್ಥನ ಬದಲಾಗತದ. ನಿಘಂಟು ಬರದ ಕಿಟೆಲ್ ಸಾಹೇಬ್ರು ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಾಗನ ಕಟ್ಟಿ 1862ರಾಗ 'ಕಥಾಮಾಲೆ' ಅಂತ ತಂದಿದ್ರು. ಅದನ್ನ ತಿಳಕೊಂಡ ಮ್ಯಾಲೆ ನಾನೂ ಕೀಬೋರ್ಡ್ ಬದಿಗಿಟ್ಟು, ನಮ್ಮವ್ವನ ಬೀಸೂಕಲ್ಲಿನ ಪದದ ಧಾಟಿ ಹಿಡದೆ. ಮೂರೇ ಸಾಲು, ಎರಡನೇ ಸಾಲಿನ ತುಣುಕು ತಿರುಗಿ ಬರತದ. ಪುಸ್ತಕ ನೋಡದ ಬಾಯಿಗೆ ಕೂಡತದ.

ಧಾಟಿ ಸಿಕ್ಕಿತು. ಆದ್ರ ಮಾತು?

ಹೋದ ಮಳಿಗಾಲದಾಗ ನನ್ನ ತಂಗಿಗೆ ಎಂಟು ತಿಂಗಳಿನಾಗ ಕೂಸು ಹೊಟ್ಯಾಗ ಹೋತು. ನಿಮಗೆಲ್ಲಾ ಗೊತ್ತಿದ್ದದ್ದ. ತಿಂಗಳಾದ ಮ್ಯಾಲೆ ಆಕಿ ಮನ್ಯಾಗ ಪ್ರಾರ್ಥನಿ ಇಟ್ಟಿದ್ವಿ. ಜಯಗೀತ ಸುರು ಆದ ಕೂಡಲೆ ಚಹಾಕ್ಕ ಇಡತೀನಿ ಅಂತ ಎದ್ದು ಹೋದಳು. ನಾನ ಬರದ ಹಾಡು ಅದು. ಮೂರು ಹಾಡು ಮುಗದ್ರೂ ಚಹಾ ಬರಲಿಲ್ಲ. ಹೋಗಿ ನೋಡಿದ್ರ ಒಲಿನ ಹಚ್ಚಿರಲಿಲ್ಲ.

ಆ ರಾತ್ರಿ ಆಕಿ ಸಲುವಾಗಿ ಒಂದು ಪದ ಬರದೆ. ನಡುವಿನ ಸಾಲಿನಾಗ "ನಂಬೇನಿ ನಿನ್ನ ಮಾತನ್ನ" ಅಂತಿತ್ತು. ಮರುದಿನ ಹಾಡಿ ತೋರಿಸಿದೆ. ಆಕಿ ಕಾಳು ಆರಸಕೋತ ಕೇಳಿದಳು.

"ಅದು ಸುಳ್ಳು ಅಕ್ಕಾ. ನಂಬೇನಿ ಅನ್ನಾಕ ನನಗ ಬಾಯಿ ಬರವಲ್ದು. ಹೊಸ್ತಿಲದಾಗ ಕೂತೇನಿ ಅಂತ ಬೇಕಾದ್ರ ಬರಿ. ಅಷ್ಟು ಖರೆ ಅದ."

ಆ ಒಂದು ಮಾತಿನ ಸುತ್ತ ಪದಾನ ತಿರುಗಿ ಕಟ್ಟಿದೆ:

ಮಾತಿಲ್ಲ ನಿನ್ನಿಂದ, ರಾತ್ರೀನೂ ಸರೀವಲ್ದು
ಕೂತೇನಿ ನಿನ್ನ ಹೊಸ್ತಿಲಕ, ಕರ್ತನೆ,
ಸೋತರೂ ಎದ್ದು ಹೋಗಲಾರೆ

ನಮ್ಮ ಕೂಟದ ಹಿರೇ ಅಕ್ಕಾರೊಬ್ರು, "ಇದರಾಗ ಸ್ತೋತ್ರ ಎಲ್ಲಿ ಅದವಾ?" ಅಂದ್ರು. ಅವರು ಕೇಳಿದ್ದು ತಪ್ಪಲ್ಲ. ನನಗೂ ಅಂಜಿಕಿ ಇತ್ತು. ಅವರ ಬೈಬಲ್ಲಿನಾಗನ ಕೀರ್ತನೆಗಳು 88 ತಗದು ಕೊಟ್ಟೆ. ಅದು ಮುಗಿಯೂದೂ ಕತ್ತಲ್ಯಾಗನ. ದೇವರ ಮಕ್ಕಳು ಅದನ್ನ ಹರದು ಒಗೀಲಿಲ್ಲ, ಹಾಡಿನ ಪುಸ್ತಕದಾಗನ ಇಟ್ಟಾರ. ಅಕ್ಕಾರು ಓದಿ ಕನ್ನಡಕ ತಗದ್ರು. "ಇನ್ನೊಮ್ಮೆ ಹೇಳು, ಕಲೀತೀನಿ" ಅಂದ್ರು.

ಹೋದ ವಾರ ನಾವು ಹಾಡಿದ್ದು ಅದನ್ನ. ತಂಗಿ ಗ್ವಾಡಿಗೆ ಆತು ಕೂತಿದ್ದಳು. ಮೊದಲನೇ ಸಾಲಿಗೆ ಸುಮ್ಮನಿದ್ದಳು, ಮೂರನೇದಕ್ಕೂ ಸುಮ್ಮನಿದ್ದಳು. ತಾ ತಿದ್ದಿದ ಸಾಲು ಬಂದಾಗ ಅಷ್ಟೇ ತುಟಿ ಅಲುಗಿದ್ವು. ಎದ್ದು ಒಳಗ ಮಾತ್ರ ಹೋಗಲಿಲ್ಲ.

ಹಿಂಗಾಗಿ ಕಾಕು, ಹಾಡು ಯಾರದು ಅಂತ ಇನ್ನ ಯಾರರ ಕೇಳಿದ್ರ, ನಮ್ಮಿಬ್ಬರದು ಅಂತ ಹೇಳ್ರಿ. ಎರಡನೇ ಪದ ಇನ್ನೂ ಬರದಿಲ್ಲ. ಆಕಿ ಹೇಳಿದಾಗ ಬರೀತೀನಿ.