ಉಪ್ಪುನೀರಿನ ಚೌಕ

ಉಪ್ಪು ಬಿದ್ದಲ್ಲಿ ಹುಳು ಬೀಳದೆಂಬುದು ನಮ್ಮ ಮನೆಯ ಹಿರಿಯರ ನಂಬಿಕೆ. ಮೊನ್ನೆ ಮಾವಿನ ಮಿಡಿಗೆ ಉಪ್ಪು ಸುರಿಯುತ್ತ ನಮ್ಮ ತಾಯಿಯವರು ಅದನ್ನೇ ಹೇಳಿದರು. ಊಟಕ್ಕೆಂದು ಬಂದಿದ್ದ ನನ್ನ ಸಹೋದ್ಯೋಗಿ, ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕರು, ನಕ್ಕು, “ಅಮ್ಮಾ, ಉಪ್ಪಿಲ್ಲದಿದ್ದರೆ ಸಾಯುವ ಜೀವಿಗಳೂ ಉಂಟು” ಎಂದರು.

“ಅವಕ್ಕೆ ರಕ್ತದೊತ್ತಡದ ಭಯವಿಲ್ಲವೇನಪ್ಪಾ?” ಎಂದರು ತಾಯಿ.

ನಗು ಮುಗಿದ ಮೇಲೆ ಅವರು ಹೇಳಿದ ಕಥೆ ಇದು. ಬ್ರಿಟಿಷ್ ವಿಜ್ಞಾನಿ ವಾಲ್ಸ್‌ಬಿಯವರು ಸಿನಾಯ್ ಪರ್ಯಾಯದ್ವೀಪದ ಉಪ್ಪುಕೊಳವೊಂದರ ನೀರಿನಲ್ಲಿ ಅಂಚೆಚೀಟಿಯಂತೆ ತೆಳ್ಳಗೆ, ಚೌಕಾಕಾರವಾಗಿದ್ದ ಜೀವಿಯೊಂದನ್ನು ಕಂಡು ೧೯೮೦ರಲ್ಲಿ ಲೋಕಕ್ಕೆ ತಿಳಿಸಿದರು. ಆದರೆ ಕಂಡ ಮಾತ್ರಕ್ಕೆ ಗುರುತು ಹಿಡಿದಂತಾಗದು. ಹೊಸ ಜೀವಿಯನ್ನು ಬೇರ್ಪಡಿಸಿ ಬೆಳೆಸಬೇಕು. ನಾವು ಓಲೆಗರಿಗಳ ಪಾಠಾಂತರಗಳನ್ನು ನೋಡುವಂತೆ ಅದರ ವಂಶವಾಹಿಯ ಅಕ್ಷರಗಳನ್ನು ಬಲ್ಲ ಜೀವಿಗಳವುಗಳೊಡನೆ ಹೋಲಿಸಬೇಕು. ಜೀವಂತ ಮಾದರಿಯನ್ನು ಎರಡು ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು. ಆಮೇಲಷ್ಟೆ ನಾಮಕರಣ.

ಈ ಚೌಕವೋ ಪ್ರಯೋಗಶಾಲೆಯಲ್ಲಿ ಬೆಳೆಯಲೇ ಒಲ್ಲದು! ಧಾರಾಳವಾಗಿ ಆಹಾರವಿತ್ತರೆ ಚುರುಕಾದ ಬೇರೆ ಜೀವಿಗಳು ಮುನ್ನುಗ್ಗುವುವು. ಹೊರಗಿನ ಉಪ್ಪಿಗೆ ಸಮನಾಗಿ ಒಳಗೂ ಲವಣ ತುಂಬಿಕೊಂಡು ಬಾಳುವ ಈ ಬಗೆಯ ಜೀವಿ, ಸಿಹಿನೀರಿಗೆ ಬಿದ್ದರೆ ಒಡೆದು ಸಾಯುವುದು. ಕೊನೆಗೆ ೨೦೦೪ರಲ್ಲಿ ನೆದರ್ಲೆಂಡ್ಸ್ ಹಾಗೂ ಆಸ್ಟ್ರೇಲಿಯದ ಎರಡು ತಂಡಗಳು ಕಡು ಉಪ್ಪುನೀರು, ಅಲ್ಪ ಆಹಾರ, ಅಪಾರ ತಾಳ್ಮೆ ಇವುಗಳಿಂದ ಅದನ್ನು ಬೆಳೆಸಿದವು. ೨೦೦೭ರಲ್ಲಿ ‘ಹ್ಯಾಲೊಕ್ವಾಡ್ರೇಟಮ್ ವಾಲ್ಸ್‌ಬಿಯೈ’ ಎಂಬ ಹೆಸರಾಯಿತು. ವಾಲ್ಸ್‌ಬಿಯವರ ಉಪ್ಪುಚೌಕವೆಂದು ಅರ್ಥ. ಮೊದಲು ಬ್ಯಾಕ್ಟೀರಿಯವೆಂದು ಕರೆದ ಅದು ನಿಜವಾಗಿ ಆರ್ಕಿಯಾ ಎಂಬ ಬೇರೆಯೇ ಕುಲದ್ದು.

ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ಕೆಲವು ವರ್ಷಗಳ ಹಿಂದೆ ಗೋಕರ್ಣದ ಕಡೆಯ ಉಪ್ಪಿನಾಗರದಲ್ಲಿ ದುಡಿಯುವವರ ಮನೆಯ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಮೌನಿ. ಒಮ್ಮೆ ತನ್ನೂರಿನ ಮಾತಿನಲ್ಲೇ ಪ್ರಬಂಧ ಬರೆದು ತಂದ. ನಾನು ಪುಟದ ತುಂಬ ಕೆಂಪು ಗೆರೆ ಎಳೆದು, “ನಿನಗೆ ಭಾಷೆ ಬಾರದು” ಎಂದು ಎಲ್ಲರೆದುರು ಅಂದುಬಿಟ್ಟೆ. ಮರುವರ್ಷ ಅವನು ಕನ್ನಡವನ್ನು ಆರಿಸಿಕೊಳ್ಳಲಿಲ್ಲ. ಅವನಿಗೆ ಶುದ್ಧವಾದ ಸಿಹಿನೀರನ್ನೇ ಎರೆದೆನೆಂದು ನಾನು ನಂಬಿದ್ದೆ.

ಬೆಳಗ್ಗೆ ಎದ್ದವನೇ ಅವನ ಹಳೆಯ ವಿಳಾಸ ಹುಡುಕಿ ಪತ್ರ ಬರೆದೆ: “ಆ ಪ್ರಬಂಧ ಇನ್ನೂ ನಿನ್ನಲ್ಲಿದ್ದರೆ ಕಳುಹಿಸು. ಅಂದು ನಾನದನ್ನು ಸರಿಯಾಗಿ ಓದಲಿಲ್ಲ.”

ಉತ್ತರ ಇನ್ನೂ ಬಂದಿಲ್ಲ. ಒಂದು ಚೌಕಕ್ಕಾಗಿ ಇಪ್ಪತ್ತನಾಲ್ಕು ವರ್ಷ ಕಾದವರಿದ್ದಾರೆ, ನಾನು ಕಾಯಬಾರದೇ?