ನೂರು ಜನ ನಟರು, ಒಬ್ಬನಿಗೂ ಕ್ಲೋಸಪ್ ಇಲ್ಲ!

ಚಿತ್ರ ಅಂದ್ರೆ ಅದಕ್ಕೊಬ್ಬ ಹೀರೋ ಇರಲೇಬೇಕು ಅಂತ ನಂಬಿರುವ ಅಭಿಮಾನಿ ಮಿತ್ರರೇ, ಒಂದು ಸಲ ಕೇರಳದ ಆಲಪ್ಪುಳಕ್ಕೆ ಹೋಗಿ ಬನ್ನಿ. ಅಲ್ಲಿನ ಪುನ್ನಮಡ ಹಿನ್ನೀರಿನಲ್ಲಿ ವರ್ಷಕ್ಕೊಂದೇ ದಿನ, ಒಂದೇ ಆಟ. ಕ್ಲೈಮ್ಯಾಕ್ಸ್ ಬರೀ ನಾಲ್ಕೂವರೆ ನಿಮಿಷ. ಒಂದೊಂದು ದೋಣಿಯಲ್ಲಿ ಹೆಚ್ಚುಕಡಿಮೆ ನೂರು ಜನ. ಅವರಲ್ಲಿ ಒಬ್ಬನ ಮುಖವೂ ನಿಮಗೆ ನೆನಪಿರೋದಿಲ್ಲ. ಆದ್ರೆ ಆ ನಾಲ್ಕೂವರೆ ನಿಮಿಷ ಮಾತ್ರ ಸಾಯೋತನಕ ಮರೆಯೋದಿಲ್ಲ!

ಇದೇ ವಳ್ಳಂಕಳಿ. ವಳ್ಳಂ ಅಂದ್ರೆ ದೋಣಿ, ಕಳಿ ಅಂದ್ರೆ ಆಟ. ಚೀನಾದವರಿಗೆ ಡ್ರ್ಯಾಗನ್ ದೋಣಿ ಇದೆ. ಅದರಲ್ಲಿ ಹುಟ್ಟು ಹಾಕುವವರು ಸಾಮಾನ್ಯವಾಗಿ 20 ಜನ, ಮುಂದೆ ಒಬ್ಬ ಡೋಲು ಬಡಿಯುವವ, ಹಿಂದೆ ಒಬ್ಬ ಚುಕ್ಕಾಣಿ ಹಿಡಿಯುವವ. ನಮ್ಮ ಮಲಯಾಳಿ ಸೋದರರು ಮಾಡಿದ್ದು ಅದರ ನಾಲ್ಕೈದು ಪಟ್ಟು! ನೂರು ಅಡಿಗೂ ಉದ್ದದ ದೋಣಿ. ಹಿಂತುದಿ ಹೆಡೆಯೆತ್ತಿದ ಹಾವಿನ ಹಾಗೆ ಮೇಲಕ್ಕೆ ಎದ್ದು ನಿಂತಿರುತ್ತೆ. ಅದಕ್ಕೇ ಹೊರಗಿನವರು ಇದನ್ನ ಹಾವುದೋಣಿ ಅಂತಾರೆ. ಊರವರು ಕರೆಯೋದು ಚುಂಡನ್ ವಳ್ಳಂ ಅಂತ.

* ತಾರೆಯರ ಊರು *

ದೋಣಿ ಹತ್ತೋ ಮುಂಚೆ ಊರಿನ ಬಗ್ಗೆ ಎರಡು ಮಾತು. ಇದು ಸಿನಿಮಾದವರಿಗೆ ಹೊಸ ಊರಲ್ಲ. ಕುಂಚಾಕೊ ಅವರು 1947ರಲ್ಲಿ ಉದಯಾ ಸ್ಟುಡಿಯೋ ಕಟ್ಟಿದ್ದು ಇಲ್ಲೇ. ಅಲ್ಲೀವರೆಗೆ ಮದರಾಸಿಗೆ ಓಡ್ತಾ ಇದ್ದ ಮಲಯಾಳಂ ಚಿತ್ರರಂಗಕ್ಕೆ ಮನೆ ಅಂತ ಸಿಕ್ಕಿದ್ದು ಆಗ. 'ಚೆಮ್ಮೀನ್' ಕಾದಂಬರಿ ಬರೆದ ತಕಳಿ ಶಿವಶಂಕರ ಪಿಳ್ಳೆ ಇದೇ ಸೀಮೆಯವರು. ನಟ ನೆಡುಮುಡಿ ವೇಣು ಅವರ ಹೆಸರಲ್ಲೇ ಇಲ್ಲಿನ ಹಳ್ಳಿ ಇದೆ. ನಮ್ಮ ವಿಷ್ಣುವರ್ಧನ್, ಸೌಂದರ್ಯ ಅಭಿನಯದ 'ಆಪ್ತಮಿತ್ರ' (2004) ನೋಡಿ ಮೈ ಜುಮ್ಮೆಂದವರು ಎಷ್ಟು ಜನ ಇಲ್ಲ? ಅದರ ಮೂಲ 'ಮಣಿಚಿತ್ರತಾಳ್' (1993). ಅದನ್ನ ನಿರ್ದೇಶಿಸಿದ ಫಾಝಿಲ್ ಆಲಪ್ಪುಳದವರು. ಇನ್ನು ದೋಣಿ ಪಂದ್ಯವನ್ನೇ ಕಥೆ ಮಾಡಿಕೊಂಡು ಸತ್ಯನ್, ಶಾರದಾ ನಟಿಸಿದ 'ಕಾವಾಲಂ ಚುಂಡನ್' 1967ರಲ್ಲೇ ತೆರೆ ಕಂಡಿದೆ.

ಪಂದ್ಯಕ್ಕೆ ಹೆಸರು ಬಂದ ಕಥೆಯೂ ಸಿನಿಮಾದ್ದೇ! 1952ರ ಡಿಸೆಂಬರ್. ಪ್ರಧಾನಿ ನೆಹರೂ ದೋಣಿಯಲ್ಲಿ ಆಲಪ್ಪುಳಕ್ಕೆ ಬಂದರು. ಅವರಿಗಾಗಿ ಒಂದು ಪಂದ್ಯ ಏರ್ಪಾಡಾಯ್ತು. ನಡುಭಾಗಂ ಅನ್ನೋ ದೋಣಿ ಗೆದ್ದಿತು. ಆ ರಭಸ ನೋಡಿ ನೆಹರೂಗೆ ತಡೆಯೋಕಾಗಲಿಲ್ಲ. ಕಾವಲಿನವರು ಕಣ್ಣು ಬಿಡೋದರೊಳಗೆ ಗೆದ್ದ ದೋಣಿಗೆ ಹಾರಿಯೇಬಿಟ್ಟರು! ದೆಹಲಿಗೆ ಹೋದ ಮೇಲೆ ಬೆಳ್ಳಿಯ ಪುಟ್ಟ ದೋಣಿಯೊಂದನ್ನ ಟ್ರೋಫಿಯಾಗಿ ಕಳಿಸಿಕೊಟ್ಟರು. ಮೊದಲು ಅದು ಪ್ರಧಾನಮಂತ್ರಿ ಟ್ರೋಫಿ ಆಗಿತ್ತು. 1969ರಿಂದ ನೆಹರೂ ಟ್ರೋಫಿ ಆಯ್ತು.

* ಹೆಬ್ಬಲಸಿನ ಹಾವು *

ಈ ದೋಣಿ ಮಾಡೋದು ಆಂಜಿಲಿ ಮರದಿಂದ. ನಮ್ಮ ಮಲೆನಾಡಿನವರು ಹೆಬ್ಬಲಸು ಅಂತಾರಲ್ಲ, ಅದೇ ಮರ. ನೀರಲ್ಲಿ ಸುಲಭಕ್ಕೆ ಕೊಳೆಯೋದಿಲ್ಲ. ಮೀನೆಣ್ಣೆ, ತೆಂಗಿನ ಚಿಪ್ಪಿನ ಕರಿ, ಕೋಳಿಮೊಟ್ಟೆ ಸೇರಿಸಿ ಮೈಗೆ ಬಳಿಯೋದು ಹಳೇ ಪದ್ಧತಿ. ನೀರು ಅಂಟಬಾರದು, ದೋಣಿ ಜಾರಬೇಕು!

ಒಳಗೆ ಪಾತ್ರ ಹಂಚಿಕೆ ಹೀಗೆ: ಇಬ್ಬಿಬ್ಬರಂತೆ ಜೋಡಿಯಾಗಿ ಕೂತು ಹುಟ್ಟು ಹಾಕೋರು ಎಂಬತ್ತಕ್ಕೂ ಮೇಲೆ. ಹಿಂದೆ ಎತ್ತರದಲ್ಲಿ ಉದ್ದನೆಯ ಹುಟ್ಟು ಹಿಡಿದು ದಾರಿ ತಪ್ಪದ ಹಾಗೆ ನೋಡಿಕೊಳ್ಳೋ ಐದಾರು ಜನ. ನಡುವೆ ನಿಂತು ಮರದ ಕೋಲಿನಿಂದ ಹಲಗೆ ಕುಟ್ಟಿ ತಾಳ ಕೊಡೋ ಕೆಲವರು. ಇವರೇ ನಿಲಕ್ಕಾರರು. ನಮ್ಮ ಭಾಷೇಲಿ ಹೇಳೋದಾದ್ರೆ ಸಂಗೀತ ನಿರ್ದೇಶಕರು!

ಯಾಕೆ ಅಂತೀರಾ? ದಡದಲ್ಲಿ ಸಾವಿರಾರು ಜನ ಕೂಗ್ತಾ ಇರುವಾಗ ಪಕ್ಕದವನ ಮಾತೂ ಕೇಳಿಸೋದಿಲ್ಲ. ಹುಟ್ಟು ಹಾಕುವವನಿಗೆ ಕಾಣೋದು ಮುಂದೆ ಕೂತವನ ಬೆನ್ನು ಮಾತ್ರ. ಆಗ ಆ ಕುಟ್ಟು ಕಿವಿಗಲ್ಲ, ಕೂತ ಹಲಗೆಯಿಂದ ಮೈಗೇ ಬರುತ್ತೆ. ಢಂ ಅಂದ್ರೆ ಹುಟ್ಟು ನೀರಿಗೆ. ಇನ್ನೊಂದು ಢಂ, ಇನ್ನೊಂದು ಎಳೆತ. ಒಬ್ಬ ಅರ್ಧ ಕ್ಷಣ ತಡ ಮಾಡಿದ್ರೂ ಅವನ ಹುಟ್ಟು ಹಿಂದಿನವನ ಹುಟ್ಟಿಗೆ ಬಡಿಯುತ್ತೆ. ತಾಳ ತಪ್ಪಿದ್ರೆ ದೋಣಿ ಸತ್ತ ಹಾಗೇ. ಇಲ್ಲಿ ಎಲ್ಲರಿಗಿಂತ ಬಲಶಾಲಿ ಆಗೋದು ಮುಖ್ಯ ಅಲ್ಲ. ಎಲ್ಲರ ಹಾಗೇ ಆಗೋದು ಮುಖ್ಯ. ನಮ್ಮ ಸ್ಟಾರ್‌ಗಳಿಗೆ ಸ್ವಲ್ಪ ಕಷ್ಟದ ಪಾತ್ರವೇ ಬಿಡಿ!

* ದೋಣಿ ಒಬ್ಬರದು, ತೋಳು ಇನ್ನೊಬ್ಬರದು *

ಇಲ್ಲೊಂದು ಸ್ವಾರಸ್ಯ ಇದೆ. ದೋಣಿ ಊರಿನದು. ಊರವರೇ ದುಡ್ಡು ಹಾಕಿ ಕಟ್ಟಿಸಿದ್ದು, ಅದಕ್ಕೇ ಊರಿನ ಹೆಸರು. ಆದರೆ ಹುಟ್ಟು ಹಾಕೋದು ಬೋಟ್ ಕ್ಲಬ್ಬಿನ ಹುಡುಗರು. ಈ ವರ್ಷ ಈ ದೋಣಿ, ಮುಂದಿನ ವರ್ಷ ಇನ್ನೊಂದು. ನಮ್ಮಲ್ಲಿ ನಟರು ಬ್ಯಾನರ್ ಬದಲಾಯಿಸೋ ಹಾಗೆ.

ಪಳ್ಳಾತುರುತ್ತಿ ಬೋಟ್ ಕ್ಲಬ್‌ನ ದಾಖಲೆ ನೋಡಿ. 2018ರಲ್ಲಿ ಪಾಯಿಪ್ಪಾಡ್ ದೋಣಿಯಲ್ಲಿ ಗೆಲುವು. 2019ರಲ್ಲಿ ನಡುಭಾಗಂ, ನೆಹರೂ ಹಾರಿದ ಅದೇ ಹೆಸರಿನ ದೋಣಿ. 2020, 2021ರಲ್ಲಿ ಕೋವಿಡ್‌ನಿಂದ ಪಂದ್ಯವೇ ಇಲ್ಲ. 2022ರಲ್ಲಿ ಮಹಾದೇವಿಕಾಡ್ ಕಾಟ್ಟಿಲ್ ತೆಕ್ಕೇದಿಲ್. 2023ರಲ್ಲಿ ವೀಯಪುರಂ. ನಾಲ್ಕು ಪಂದ್ಯ, ನಾಲ್ಕು ದೋಣಿ, ನಾಲ್ಕೂ ಸೂಪರ್ ಹಿಟ್! 2024ಕ್ಕೆ ಅವರು ಹತ್ತಿದ್ದು ಕಾರಿಚ್ಚಾಲ್. ಅದೂ ಸಾಮಾನ್ಯ ದೋಣಿಯಲ್ಲ. ಆಗಲೇ 15 ಸಲ ಟ್ರೋಫಿ ಎತ್ತಿದ ಹಿನ್ನೀರಿನ ಚಕ್ರವರ್ತಿ. ಹಾಗಾದ್ರೆ ಹಿಂದಿನ ವರ್ಷ ತಾವೇ ಗೆಲ್ಲಿಸಿದ ವೀಯಪುರಂ? ಅದು ಹೋಗಿದ್ದು ಕೈನಕರಿಯ ವಿಲೇಜ್ ಬೋಟ್ ಕ್ಲಬ್‌ಗೆ. ಅಂದ್ರೆ ತಮ್ಮ ಹಳೇ ದೋಣಿಯೇ ಈಗ ಎದುರಾಳಿ!

* ಮುಂದಕ್ಕೆ ಹೋದ ಬಿಡುಗಡೆ *

ಪಂದ್ಯಕ್ಕೆ ವಾರಗಟ್ಟಲೆ ಮುಂಚೆ ಕ್ಯಾಂಪ್ ಶುರು. ಗದ್ದೆ ಕೆಲಸದವರು, ಮೀನು ಹಿಡಿಯೋರು, ಕೂಲಿಯವರು, ಕಾಲೇಜು ಹುಡುಗರು ಎಲ್ಲ ಒಂದೇ ಕಡೆ. ಒಟ್ಟಿಗೆ ಊಟ, ಒಟ್ಟಿಗೆ ಅಭ್ಯಾಸ. ನೂರು ಜನ ದುಡಿಯೋ ಗಂಡಸರ ಹೊಟ್ಟೆ ತುಂಬಿಸೋದು ಅಂದ್ರೆ ತಮಾಷೆಯಾ? ಖರ್ಚು ಲಕ್ಷಗಟ್ಟಲೆ.

2024ರ ಪಂದ್ಯ ಆಗಸ್ಟ್ 10ಕ್ಕೆ ಗೊತ್ತಾಗಿತ್ತು. ಜುಲೈ 30ರ ಬೆಳಗಿನ ಜಾವ ವಯನಾಡಿನಲ್ಲಿ ಗುಡ್ಡ ಕುಸಿದು ಊರೂರೇ ಕೊಚ್ಚಿ ಹೋಯ್ತು. ನಾಡೇ ಅಳ್ತಾ ಇರುವಾಗ ದೋಣಿ ಆಟ ಯಾರಿಗೆ ಬೇಕು? ಪಂದ್ಯ ನಿಂತಿತು. ಅದು ನ್ಯಾಯವೇ. ಆದ್ರೆ ಕ್ಯಾಂಪಿನ ಖರ್ಚು ಆಗಲೇ ಆಗಿಹೋಗಿತ್ತು. ಮೈ ಹುರಿಗೊಳಿಸಿಕೊಂಡ ಹುಡುಗರು ಕೈ ಕಟ್ಟಿ ಕೂರಬೇಕಾಯ್ತು. ಈ ವರ್ಷ ಪಂದ್ಯ ಇದೆಯೋ ಇಲ್ಲವೋ ಅನ್ನೋ ಚಿಂತೆ ಬೇರೆ. ಕೊನೆಗೆ ಸೆಪ್ಟೆಂಬರ್ 28 ಅಂತ ತೀರ್ಮಾನ ಆಯ್ತು. ಮತ್ತೆ ಕ್ಯಾಂಪ್, ಮತ್ತೆ ಖರ್ಚು, ಮತ್ತೆ ಬೆವರು.

* ಆ ಶನಿವಾರ *

ಪಂದ್ಯದ ದಿನ ಆಲಪ್ಪುಳದಲ್ಲಿ ಬೇರೆ ಕೆಲಸ ಇಲ್ಲ. ಬೆಳಗ್ಗೆಯಿಂದಲೇ ಜನ ದಡ ಹಿಡೀತಾರೆ. ಮೊದಲು ಸಣ್ಣ ದೋಣಿಗಳ ಸ್ಪರ್ಧೆ: ಚುರುಳನ್, ಇರುಟ್ಟುಕುತ್ತಿ, ವೆಪ್ಪು. ಹೆಂಗಸರೇ ಹುಟ್ಟು ಹಾಕೋ ದೋಣಿಗಳೂ ಉಂಟು. ಅವರ ವೇಗ ನೋಡಿದ್ರೆ ಸೀಟಿ ಹೊಡೆಯೋ ಬಾಯಿ ತಾನಾಗಿ ಮುಚ್ಚುತ್ತೆ! ಮಧ್ಯಾಹ್ನದ ಮೇಲೆ ಚುಂಡನ್‌ಗಳ ಸರದಿ. ಒಂದು ಸಲಕ್ಕೆ ನಾಲ್ಕು ದೋಣಿ. ಆ ವರ್ಷ ಇಳಿದಿದ್ದು 19 ಚುಂಡನ್.

ಇಲ್ಲಿ ಒಂದು ಕಟ್ಟುನಿಟ್ಟಿನ ನಿಯಮ. ಹೀಟ್ಸ್‌ನಲ್ಲಿ ಮೊದಲು ಬಂದೆ ಅಂತ ಹಿಗ್ಗೋ ಹಾಗಿಲ್ಲ. ಎಲ್ಲ ಹೀಟ್ಸ್ ಮುಗಿದ ಮೇಲೆ ಗಡಿಯಾರ ನೋಡ್ತಾರೆ. ಅತಿ ಕಡಿಮೆ ಸಮಯ ತಗೊಂಡ ನಾಲ್ಕು ದೋಣಿಗೆ ಮಾತ್ರ ಫೈನಲ್. ಹಾಗಾಗಿ ಪಕ್ಕದ ದೋಣಿ ಹಿಂದೆ ಬಿತ್ತು ಅಂತ ಕೈ ಸಡಿಲ ಬಿಟ್ಟವನು ಕೆಟ್ಟ. ಪ್ರತಿ ಸಲವೂ ಪ್ರಾಣ ಬಿಟ್ಟೇ ಎಳೀಬೇಕು. ಆಮೇಲೆ ಸಂಜೆ ಫೈನಲ್‌ನಲ್ಲಿ ಇನ್ನೊಂದು ಸಲ ಪ್ರಾಣ ಬಿಡಬೇಕು!

ಸಂಜೆ ಸಾಲಾಗಿ ನಿಂತ ದೋಣಿಗಳು: ಕಾರಿಚ್ಚಾಲ್, ವೀಯಪುರಂ, ನಡುಭಾಗಂ, ನಿರಣಂ. ದಡದಿಂದ 'ಆರ್ಪ್ಪೋ...' ಅಂತ ಒಂದು ಕೂಗು, 'ಇರ್ರೋ ಇರ್ರೋ' ಅಂತ ಸಾವಿರ ಕಂಠದ ಉತ್ತರ. ಸೂಚನೆ ಸಿಕ್ಕಿದ್ದೇ ತಡ, ನೂರಾರು ತೋಳು ಒಟ್ಟಿಗೆ ನೀರಿಗೆ! ಮುಂದಿನ ದಾರಿ ಒಂದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ದೋಣಿ ಸಾಗ್ತಾ ಇದೆಯೋ ಹಾರ್ತಾ ಇದೆಯೋ ಗೊತ್ತಾಗೋದಿಲ್ಲ. ಎರಚಿದ ನೀರಿನಲ್ಲಿ ಮನುಷ್ಯರು ಕಾಣೋದಿಲ್ಲ. ಮೊದಲ ನಿಮಿಷ ಉತ್ಸಾಹ ಎಳೆಯುತ್ತೆ. ಎರಡನೇದು ಅಭ್ಯಾಸ. ಮೂರನೇದರಲ್ಲಿ ತೋಳು ಉರಿಯೋಕೆ ಶುರು. ನಾಲ್ಕನೇದರಲ್ಲಿ ಎಳೆಯೋದು ತೋಳಲ್ಲ ಕಣ್ರೀ, ಮುಂದಿನವನು ಇನ್ನೂ ನಿಲ್ಲಿಸಿಲ್ಲವಲ್ಲ ಅನ್ನೋ ಹಟ!

ಗುರಿ ಮುಟ್ಟಿದಾಗ ಯಾರು ಗೆದ್ದರು ಅಂತ ಬರಿಗಣ್ಣಿಗೆ ಗೊತ್ತಾಗಲಿಲ್ಲ.

* ಒಂದು ಬೆರಳಗಲ *

ಗಡಿಯಾರ ತೀರ್ಪು ಕೊಟ್ಟಿತು. ಕಾರಿಚ್ಚಾಲ್ 4 ನಿಮಿಷ 29.785 ಸೆಕೆಂಡ್. ವೀಯಪುರಂ 4 ನಿಮಿಷ 29.790 ಸೆಕೆಂಡ್. ವ್ಯತ್ಯಾಸ ಒಂದು ಸೆಕೆಂಡನ್ನ ಸಾವಿರ ಚೂರು ಮಾಡಿದ್ರೆ ಅದರಲ್ಲಿ ಐದು ಚೂರು! ಈ ದೋಣಿಗಳು ಸೆಕೆಂಡಿಗೆ ಸುಮಾರು ನಾಲ್ಕು ಮೀಟರ್ ಓಡುತ್ತವೆ. ಆ ಲೆಕ್ಕದಲ್ಲಿ ಗೆಲುವಿನ ಅಂತರ ಸುಮಾರು ಎರಡು ಸೆಂಟಿಮೀಟರ್. ನಿಮ್ಮ ಹೆಬ್ಬೆರಳಿನ ಅಗಲ ನೋಡಿಕೊಳ್ಳಿ, ಅಷ್ಟೇ. ಉಳಿದ ಎರಡು ದೋಣಿಗಳೂ ಒಂದು ಸೆಕೆಂಡಿನ ಒಳಗೇ ಬಂದಿದ್ದವು.

ಪಳ್ಳಾತುರುತ್ತಿಯವರಿಗೆ ಸತತ ಐದನೇ ಗೆಲುವು, ಐದನೇ ದೋಣಿ. ಕಾರಿಚ್ಚಾಲ್‌ಗೆ 16ನೇ ಕಿರೀಟ. ಕೈನಕರಿಯವರಿಗೆ? ಕಣ್ಣೀರು, ಕೋಪ. ಸಮಯ ಅಳೆದಿದ್ದರಲ್ಲೇ ದೋಷ ಇದೆ ಅಂತ ಗಲಾಟೆ ಆಯ್ತು, ದೂರು ಹೋಯ್ತು, ಪರಿಶೀಲನೆ ನಡೀತು. ಫಲಿತಾಂಶ ಮಾತ್ರ ಬದಲಾಗಲಿಲ್ಲ.

ಯೋಚನೆ ಮಾಡಿ ಮಿತ್ರರೇ. ನೂರು ಜನರಲ್ಲಿ ಆ ಎರಡು ಸೆಂಟಿಮೀಟರ್ ಬಿಟ್ಟವನು ಯಾರು? ಯಾವನೋ ಒಬ್ಬನ ಹುಟ್ಟು ಒಂದೇ ಒಂದು ಸಲ ಆಳಕ್ಕೆ ಹೋಗದೆ ಇರಬಹುದು. ತಾಳದವನ ಕೋಲು ಒಂದು ಸಲ ಜಾರಿರಬಹುದು. ಹೆಸರು ಹಿಡಿದು ಹೇಳೋಕೆ ಯಾರಿಂದಲೂ ಆಗದು. ಗೆದ್ದ ದೋಣಿಯಲ್ಲೂ ಅಷ್ಟೇ, ಗೆಲ್ಲಿಸಿದವನು ಇಂಥವನೇ ಅಂತ ತೋರಿಸೋಕಾಗದು. ಸೋತ್ರೂ ನೂರು ಜನ, ಗೆದ್ರೂ ನೂರು ಜನ. ಈ ಆಟದ ದೊಡ್ಡತನ ಇರೋದು ಇಲ್ಲೇ.

ಕಥೆ ಅಲ್ಲಿಗೇ ಮುಗೀಲಿಲ್ಲ. 2025ರ ಆಗಸ್ಟ್ 30. ಅದೇ ಕೈನಕರಿ ಕ್ಲಬ್, ಅದೇ ವೀಯಪುರಂ ದೋಣಿ. ಈ ಸಲ 4 ನಿಮಿಷ 21.084 ಸೆಕೆಂಡ್! ಹಿಂದಿನ ವರ್ಷಕ್ಕಿಂತ ಎಂಟು ಸೆಕೆಂಡಿಗೂ ಮೇಲೆ ಬೇಗ. ಟ್ರೋಫಿ ಅವರದೇ. ಐದು ಚೂರಿಗೆ ಕಳಕೊಂಡದ್ದನ್ನ ಬಡ್ಡಿ ಸಮೇತ ವಸೂಲು ಮಾಡಿಕೊಂಡರು.

* ಹೊರಡೋರಿಗೆ *

ಮಂಗಳೂರಿನಿಂದ ತಿರುವನಂತಪುರಕ್ಕೆ ಹೋಗೋ ಮಾವೇಲಿ ಎಕ್ಸ್‌ಪ್ರೆಸ್ ಆಲಪ್ಪುಳದಲ್ಲಿ ನಿಲ್ಲುತ್ತೆ. ಬೆಂಗಳೂರಿನವರು ಎರ್ನಾಕುಲಂಗೆ ರೈಲೋ ಬಸ್ಸೋ ಹಿಡಿದು ಅಲ್ಲಿಂದ ಬಸ್ಸಿಗೆ ಹೋಗಬಹುದು. ದೂರ ಐವತ್ತು ಅರವತ್ತು ಕಿಲೋಮೀಟರ್. ಹಿಂದೆಲ್ಲ ಆಗಸ್ಟ್ ಎರಡನೇ ಶನಿವಾರ ಅಂದ್ರೆ ಪಂದ್ಯ ಖಾಯಂ. ಈಚೆಗೆ ದಿನ ಬದಲಾಗಿದ್ದುಂಟು, ಅದಕ್ಕೇ ಕೇಳಿಕೊಂಡೇ ಹೊರಡಿ. ಟಿಕೆಟ್ ಮೊದಲೇ ತಗೊಳ್ಳಿ, ಬೆಳಗ್ಗೆ ಬೇಗ ಜಾಗ ಹಿಡೀರಿ, ಕೊಡೆ ಮರೀಬೇಡಿ.

ಇನ್ನೊಂದು ಮಾತು. ಎಲ್ಲರ ಕಣ್ಣೂ ದೋಣಿಯ ಮೂತಿ ಮೇಲೇ ಇರುತ್ತೆ. ನೀವು ಮಾತ್ರ ನಡುವೆ ಎಲ್ಲೋ ಕೂತ ಒಬ್ಬ ಹುಡುಗನನ್ನ ಆರಿಸಿಕೊಂಡು ಅವನನ್ನೇ ನೋಡಿ. ಹತ್ತು ಎಳೆತ ಆಗೋದರೊಳಗೆ ಅವನು ಆ ನೂರು ಜನರಲ್ಲಿ ಎಲ್ಲಿ ಸೇರಿಹೋದ ಅಂತ ನಿಮಗೆ ಗೊತ್ತಾಗೋದಿಲ್ಲ. ಆಗ ಹೊಡೀರಿ ಸೀಟಿ!